ವೆಂಟಿಲೇಟರ್ ತೆಗೆದರೆ ಕೊಂದಂತೆ ಆಗುತ್ತದೆಯೇ? ಘನತೆಯ ಸಾವಿನ ಆದೇಶದ ಬಗ್ಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ಶರಾವತಿ ದಡ

ಗುಣವಾಗುವ ಆಸೆಯಿಲ್ಲದ ರೋಗಿಗಳಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಆದೇಶದ ಸುದ್ದಿಗಳನ್ನೂ ಅವುಗಳ ಕೆಳಗಿನ ಪ್ರತಿಕ್ರಿಯೆಗಳನ್ನೂ ಓದಿದೆ. ‘ಕೊಲ್ಲಲು ಸರ್ಕಾರವೇ ಅನುಮತಿ ಕೊಟ್ಟಿತು’ ಎಂಬ ಸಿಟ್ಟು ಒಂದು ಕಡೆ, ‘ನರಳುವವರಿಗೆ ಕೊನೆಗೂ ಬಿಡುಗಡೆ’ ಎಂಬ ಸಮಾಧಾನ ಇನ್ನೊಂದು ಕಡೆ. ಎರಡನ್ನೂ ಪೂರ್ತಿ ಒಪ್ಪಲು ಮನಸ್ಸು ಬರುತ್ತಿಲ್ಲ. ಬದುಕುವ ಆಸೆಯೇ ಇಲ್ಲದ ದೇಹಕ್ಕೆ ತಿಂಗಳುಗಟ್ಟಲೆ ಕೊಳವೆ ಚುಚ್ಚಿಡುವುದು ಕ್ರೂರ ಅನ್ನಿಸುತ್ತದೆ. ಉಸಿರಾಡಿಸುತ್ತಿರುವ ಯಂತ್ರವನ್ನು ಒಬ್ಬ ಮನುಷ್ಯ ಕೈಯಾರೆ ನಿಲ್ಲಿಸುತ್ತಾನೆ ಎಂದು ನೆನೆದರೂ ಎದೆ ನಡುಗುತ್ತದೆ.

ವಿಷಯ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಯಂತ್ರ ತೆಗೆಯುವುದಕ್ಕೂ ಕೊಲ್ಲುವುದಕ್ಕೂ ನಿಜವಾಗಿ ವ್ಯತ್ಯಾಸವಿದೆಯೇ, ಅಥವಾ ಅದು ವಕೀಲರ ಮಾತಿನ ಜಾಣ್ಮೆಯೇ? ತೆಗೆದ ಮೇಲೆ ರೋಗಿಗೆ ಉಸಿರು ಕಟ್ಟಿ ಒದ್ದಾಟವಾಗುವುದಿಲ್ಲವೇ? ಆಸ್ತಿಗೆ ಕಣ್ಣಿಟ್ಟ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ ತಡೆ ಏನಿದೆ? ‘ನನ್ನ ಕೊನೆಗಾಲದಲ್ಲಿ ಇದು ಬೇಕು, ಇದು ಬೇಡ’ ಎಂದು ಮುಂಚೆಯೇ ಬರೆದಿಡಬೇಕೆಂದರೆ ಎಲ್ಲಿ, ಹೇಗೆ, ಯಾರ ಮುಂದೆ ಬರೆಯಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ದಾದಿಯಾಗಿದ್ದಾಗ ದಾಳಿಗೊಳಗಾಗಿ ದಶಕಗಳ ಕಾಲ ಹಾಸಿಗೆ ಹಿಡಿದಿದ್ದ ಅರುಣಾ ಶಾನಭಾಗ್ ಅವರ ಪ್ರಕರಣದಿಂದಲೇ ಈ ಚರ್ಚೆ ದೇಶದಲ್ಲಿ ದೊಡ್ಡದಾಗಿದ್ದು ಎನ್ನುತ್ತಾರೆ. ಆದರೆ ಅವರ ವಿಷಯದಲ್ಲಿ ಕೋರ್ಟ್ ಒಪ್ಪಲಿಲ್ಲ. ಯಾಕೆ ಎಂಬುದೂ ನನಗೆ ಸ್ಪಷ್ಟವಿಲ್ಲ.

ಉತ್ತರ 1: ತೀವ್ರನಿಗಾ

ಸುದ್ದಿಗಳಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ‘ಕೋಮಾ’ ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ. ಗೊಂದಲದ ಅರ್ಧ ಪಾಲು ಅಲ್ಲೇ ಇದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು, ಮಿದುಳು ನಿಷ್ಕ್ರಿಯವಾಗಿರುವುದು. ಮಿದುಳುಕಾಂಡವೇ ಸತ್ತಿರುತ್ತದೆ, ತಾನಾಗಿ ಉಸಿರಾಡುವ ಶಕ್ತಿ ಶಾಶ್ವತವಾಗಿ ಹೋಗಿರುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ಮಾಡಿ ಇದನ್ನು ದೃಢಪಡಿಸುತ್ತದೆ. ಈ ಆದೇಶದ ಮುಖ್ಯ ವಿಷಯ ಇದಲ್ಲ. ಎರಡು, ಕಣ್ಣು ತೆರೆದಿದ್ದರೂ ಅರಿವಿಲ್ಲದ ಸ್ಥಿತಿ. ನಿದ್ದೆ, ಎಚ್ಚರದ ಚಕ್ರ ಇರುತ್ತದೆ, ಬಹಳ ಸಲ ಯಂತ್ರವಿಲ್ಲದೆಯೇ ಉಸಿರಾಡುತ್ತಾರೆ, ಆದರೆ ತಮ್ಮ ಬಗ್ಗೆಯಾಗಲಿ ಸುತ್ತಲಿನವರ ಬಗ್ಗೆಯಾಗಲಿ ಪ್ರಜ್ಞೆಯ ಗುರುತು ಸಿಗುವುದಿಲ್ಲ. ಇದು ಇನ್ನು ಮರಳದು ಎನ್ನಲು ಆತುರಪಡಬಾರದು. ಹೃದಯ ನಿಂತು ಮಿದುಳಿಗೆ ಆಮ್ಲಜನಕ ತಪ್ಪಿ ಆದ ಹಾನಿಗೆ 3 ತಿಂಗಳು, ಅಪಘಾತದ ಪೆಟ್ಟಿನಿಂದ ಆದ ಹಾನಿಗೆ 12 ತಿಂಗಳು ಕಾಯುವುದು ವೈದ್ಯಕೀಯದಲ್ಲಿ ಬಹುಕಾಲದ ರೂಢಿ. ಮೂರು, ಗುಣವಾಗದ ಕಾಯಿಲೆಯ ಕೊನೆಯ ಹಂತ. ಕೊನೆ ಹಂತದ ಕ್ಯಾನ್ಸರ್, ಒಂದರ ಹಿಂದೊಂದು ಅಂಗ ಕೈಕೊಟ್ಟ ಸೋಂಕು, ಇನ್ನು ಏನೂ ಮಾಡಲಾಗದ ಹೃದಯ ಅಥವಾ ಪಿತ್ತಜನಕಾಂಗದ ವೈಫಲ್ಯ ಇಂಥವು. ಆದೇಶ ಮಾತಾಡುವುದು ಎರಡನೆಯ ಮತ್ತು ಮೂರನೆಯ ಗುಂಪಿನ ಬಗ್ಗೆ, ಅದರಲ್ಲೂ ಜೀವ ಹಿಡಿದಿಡುವ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ ಎಂದಾದವರ ಬಗ್ಗೆ ಮಾತ್ರ.

ಹಾಗಾಗಿ ಎಚ್ಚರವಾಗಿದ್ದು, ಮನೆಯಲ್ಲಿದ್ದು, ನೋವಿನಿಂದ ‘ನನಗೆ ಸಾವು ಕೊಡಿ’ ಎಂದು ಕೇಳುವವರಿಗೆ ಈ ಆದೇಶದಿಂದ ಏನೂ ಸಿಗುವುದಿಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರ ಹಲವು ವರ್ಷಗಳ ಹೋರಾಟಕ್ಕೆ ಇದರಿಂದ ಜಯ ಸಿಕ್ಕಿತು ಎಂಬಂತೆ ಸುದ್ದಿಗಳು ಬಂದವು. ಆ ಹಿರಿಯರ ಹಟ ದೊಡ್ಡದು, ಅದರ ಬಗ್ಗೆ ಗೌರವವಿದೆ. ಆದರೆ ನಿಲ್ಲಿಸಲು ಯಂತ್ರವೇ ಇಲ್ಲದವರಿಗೆ ಈ ಆದೇಶ ಅನ್ವಯಿಸುವುದಾದರೂ ಹೇಗೆ? ಚುಚ್ಚುಮದ್ದು ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ರೋಗಿಯೇ ಬೇಡಿಕೊಂಡಿದ್ದರೂ ಅಪರಾಧವೇ.

ಇನ್ನು ನಿಮ್ಮ ಮೊದಲ ಪ್ರಶ್ನೆ. ವ್ಯತ್ಯಾಸ ಮಾತಿನದಲ್ಲ. ಚುಚ್ಚುಮದ್ದು ಕೊಟ್ಟರೆ ಆರೋಗ್ಯವಂತನೂ ಸಾಯುತ್ತಾನೆ, ಅಲ್ಲಿ ಸಾವಿಗೆ ಕಾರಣ ಮದ್ದು. ಯಂತ್ರ ತೆಗೆದಾಗ ಸಾಯುವುದು ಕಾಯಿಲೆಯಿಂದ. ಅಮೆರಿಕದ ನ್ಯೂಜೆರ್ಸಿಯಲ್ಲಿ ಅರಿವಿಲ್ಲದ ಸ್ಥಿತಿಗೆ ಜಾರಿದ್ದ ಯುವತಿ ಕರೆನ್ ಆ್ಯನ್ ಕ್ವಿನ್ಲನ್ ಪ್ರಕರಣ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. 1976ರಲ್ಲಿ ಕೋರ್ಟ್ ಒಪ್ಪಿದ ಮೇಲೆ ಆಕೆಯ ವೆಂಟಿಲೇಟರ್ ತೆಗೆದರು. ತಕ್ಷಣ ಸಾಯುತ್ತಾರೆಂದು ಎಲ್ಲರೂ ಎಣಿಸಿದ್ದರು. ಆದರೆ ಆಕೆ ತಾನಾಗಿ ಉಸಿರಾಡುತ್ತ 1985ರವರೆಗೆ ಬದುಕಿದ್ದರು. ಹಾಗಿದ್ದರೂ, ಸ್ವಿಚ್ ಮುಟ್ಟುವ ಕೈಗೆ ಭಾರ ಇಲ್ಲವೆಂದು ನಾನು ಹೇಳಲಾರೆ. ಶುರುವೇ ಮಾಡದಿರುವುದಕ್ಕಿಂತ ಶುರು ಮಾಡಿದ್ದನ್ನು ನಿಲ್ಲಿಸುವುದು ಹೆಚ್ಚು ಕಷ್ಟವೆಂದು ಬಹುತೇಕ ವೈದ್ಯರಿಗೆ ಅನ್ನಿಸುತ್ತದೆ. ನೀತಿಯ ದೃಷ್ಟಿಯಿಂದ ಎರಡೂ ಒಂದೇ. ಇನ್ನೂ ಹೇಳಬೇಕೆಂದರೆ, ಶುರು ಮಾಡಿ ನೋಡಿ, ಫಲ ಸಿಗದೆ ನಿಲ್ಲಿಸುವುದೇ ನ್ಯಾಯ, ಏಕೆಂದರೆ ರೋಗಿಗೆ ಒಂದು ಅವಕಾಶವಾದರೂ ಸಿಕ್ಕಿರುತ್ತದೆ. ಒಳ್ಳೆಯ ಐಸಿಯುಗಳಲ್ಲಿ ‘ಮೂರು ದಿನ ಪೂರ್ತಿ ಪ್ರಯತ್ನ ಮಾಡುತ್ತೇವೆ, ಮೂತ್ರದ ಪ್ರಮಾಣ, ರಕ್ತದೊತ್ತಡ ಏರಿಸುವ ಔಷಧದ ಅಗತ್ಯ, ಪ್ರಜ್ಞೆ ಈ ಮೂರನ್ನು ನೋಡಿ ಮತ್ತೆ ಕೂತು ಮಾತಾಡೋಣ’ ಎಂದು ಮನೆಯವರಿಗೆ ಮೊದಲೇ ಹೇಳಿರುತ್ತಾರೆ. ಮೊದಲೇ ಹೀಗೆ ಹೇಳದಿದ್ದರೆ, ನಾಲ್ಕನೆಯ ದಿನದ ಮಾತು ಮನೆಯವರಿಗೆ ವೈದ್ಯರು ಕೈಚೆಲ್ಲಿದಂತೆ ಕೇಳುತ್ತದೆ.

ಒದ್ದಾಟದ ಬಗ್ಗೆ. ಸರಿಯಾಗಿ ಮಾಡಿದರೆ ಆಗುವುದಿಲ್ಲ, ಅವಸರದಲ್ಲಿ ಮಾಡಿದರೆ ಖಂಡಿತ ಆಗುತ್ತದೆ. ಕ್ರಮ ಹೀಗೆ: ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ನಡೆಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಅದರ ಪರಿಣಾಮ ಪೂರ್ತಿ ಇಳಿದಿದೆಯೇ ಎಂದು ನರ ಪ್ರಚೋದಕ ಉಪಕರಣದಿಂದ ಪರೀಕ್ಷಿಸಬೇಕು. ಇದನ್ನು ಬಿಟ್ಟರೆ ರೋಗಿಗೆ ಸಂಕಟವಾದರೂ ಮುಖದಲ್ಲಿ ಕಾಣುವುದಿಲ್ಲ. ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಆಮೇಲೆ ನೋವು, ಉಸಿರಿನ ಸಂಕಟ ತಗ್ಗಿಸಲು ಮಾರ್ಫಿನ್ ಅಥವಾ ಫೆಂಟನಿಲ್, ಜೊತೆಗೆ ಕಳವಳ ತಗ್ಗಿಸಿ ಮಂಪರು ತರುವ ಮಿಡಜೋಲಾಮ್. ಯಂತ್ರ ಮುಟ್ಟುವ ಮೊದಲೇ ಕೊಟ್ಟು ಉಸಿರು ನಿರಾಳವಾಗಿದೆಯೇ, ಹುಬ್ಬು ಗಂಟಿಕ್ಕಿದೆಯೇ ಎಂದು ನೋಡಿ ಪ್ರಮಾಣ ಸರಿಮಾಡಬೇಕು. ಗಂಟಲಿನ ಗೊರಗೊರ ಸದ್ದು ತಗ್ಗಿಸಲು ಗ್ಲೈಕೊಪೈರೊಲೇಟ್, ಅಗತ್ಯವಿಲ್ಲದ ದ್ರವ ಕೊಡುವುದು ಬಂದ್. ಮಾನಿಟರಿನ ಅಲಾರಂ ಆಫ್ ಮಾಡಬೇಕು, ಇಲ್ಲವಾದರೆ ಮನೆಯವರು ರೋಗಿಯ ಮುಖ ಬಿಟ್ಟು ಪರದೆಯನ್ನೇ ನೋಡುತ್ತ ನಿಲ್ಲುತ್ತಾರೆ. ನಂತರ ಆಮ್ಲಜನಕವನ್ನು ಹಂತಹಂತವಾಗಿ ಇಳಿಸಿ, ಕೋಣೆಯ ಗಾಳಿಯಲ್ಲಿರುವ ಶೇ. 21ಕ್ಕೆ ತಂದು, ಯಂತ್ರದ ಒತ್ತಡ ಕಡಿಮೆ ಮಾಡುತ್ತ ಹೋಗುವುದು. ಪ್ರತಿ ಹಂತದಲ್ಲೂ ಸಂಕಟ ಕಂಡರೆ ಅಲ್ಲೇ ನಿಂತು ಮತ್ತೆ ಔಷಧ. ಕೊಳವೆಯನ್ನು ಪೂರ್ತಿ ತೆಗೆಯುವುದೋ ಹಾಗೇ ಬಿಡುವುದೋ ಎಂಬುದನ್ನು ನಾಲಿಗೆಯ ಊತ, ಕಫ ನೋಡಿಕೊಂಡು ಮನೆಯವರ ಜೊತೆ ಮೊದಲೇ ತೀರ್ಮಾನಿಸಿರಬೇಕು.

ಇನ್ನೊಂದು ಮಾತು: ‘ಒಂದು ಗಂಟೆಯೊಳಗೆ ಮುಗಿಯುತ್ತದೆ’ ಎಂದು ಯಾರೂ ಹೇಳಬಾರದು. ನಿಮಿಷಗಳಲ್ಲಿ ಹೋಗುವವರೂ ಇದ್ದಾರೆ, ದಿನಗಟ್ಟಲೆ ಉಳಿಯುವವರೂ ಇದ್ದಾರೆ. ಗಂಟೆ ಲೆಕ್ಕ ಹೇಳಿಬಿಟ್ಟರೆ, ಉಸಿರು ನಿಲ್ಲದೆ ಹೋದಾಗ ಮನೆಯವರು ‘ಬದುಕುತ್ತಿದ್ದವರನ್ನು ಬಿಟ್ಟುಕೊಟ್ಟೆವೇನೋ’ ಎಂಬ ಪಾಪಪ್ರಜ್ಞೆಯಲ್ಲಿ ಬೇಯುತ್ತಾರೆ.

ಉತ್ತರ 2: ಕಾನೂನು ಕಡತ

ವೈದ್ಯಕೀಯ ಭಾಗ ಮೇಲಿನವರು ಹೇಳಿದ್ದಾರೆ. ಕಾನೂನಿನ ಭಾಗ ನನ್ನದು.

ರಾಜ್ಯದ ಆದೇಶ ಹೊಸ ಹಕ್ಕನ್ನೇನೂ ಸೃಷ್ಟಿಸಿಲ್ಲ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ, ಘನತೆಯಿಂದ ಸಾಯುವುದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿತು. ಆಗ ಹಾಕಿದ ವಿಧಾನ ಎಷ್ಟು ತೊಡಕಿನದೆಂದರೆ, ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಮುಂಗಡ ಪತ್ರಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ (ಮ್ಯಾಜಿಸ್ಟ್ರೇಟ್) ಸಹಿ ಬೇಕಿತ್ತು, ಚಿಕಿತ್ಸೆ ನಿಲ್ಲಿಸುವ ಮೊದಲು ಅವರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಐಸಿಯು ತಜ್ಞ ವೈದ್ಯರ ಸಂಘ ಅರ್ಜಿ ಹಾಕಿದ ಮೇಲೆ 2023ರ ಜನವರಿ 24ರಂದು ಕೋರ್ಟ್ ಅದನ್ನು ಸರಳ ಮಾಡಿತು. ಜಿಲ್ಲೆಗಳಲ್ಲಿ ಯಾರು ಯಾರನ್ನು ನೇಮಿಸಬೇಕು ಎಂಬುದು ಆಮೇಲೂ ಕಾಗದದ ಮೇಲೆ ಬಂದಿರಲಿಲ್ಲ. ಕರ್ನಾಟಕದ ಆದೇಶ ಮಾಡಿದ ಕೆಲಸ ಇದು.

ಈಗ ನಡೆಯುವ ದಾರಿ ನೋಡಿ. ಚಿಕಿತ್ಸೆ ಕೊಡುತ್ತಿರುವ ವೈದ್ಯ ಮತ್ತು ಸಂಬಂಧಪಟ್ಟ ವಿಭಾಗದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿ ಪ್ರಾಥಮಿಕ ಮಂಡಳಿ. ಅವರು ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಅವರು ಹೂಂ ಎಂದರೆ ಆಸ್ಪತ್ರೆ ದ್ವಿತೀಯ ಮಂಡಳಿ ರಚಿಸುತ್ತದೆ: ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ಒಬ್ಬ ವೈದ್ಯ, ಮೊದಲ ಮಂಡಳಿಯಲ್ಲಿ ಇಲ್ಲದ ಇನ್ನಿಬ್ಬರು ತಜ್ಞರು. ಅವರಿಗೂ 48 ಗಂಟೆ. ರೋಗಿ ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಪತ್ರದಲ್ಲಿ ಹೆಸರಿಸಿದವರ ಒಪ್ಪಿಗೆ ಬೇಕು, ಪತ್ರವೇ ಇಲ್ಲದಿದ್ದರೆ ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಜಾರಿ ಮಾಡುವ ಮೊದಲು ಆಸ್ಪತ್ರೆ ನ್ಯಾಯಿಕ ದಂಡಾಧಿಕಾರಿಗೆ ತಿಳಿಸಬೇಕು. ತಿಳಿಸಿದರೆ ಸಾಕು, ಅವರ ಅನುಮತಿಗೆ ಕಾಯಬೇಕಿಲ್ಲ. ಮಂಡಳಿ ಒಪ್ಪದಿದ್ದರೆ ರೋಗಿಯ ಕಡೆಯವರಾಗಲಿ ವೈದ್ಯರಾಗಲಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

ಲೆಕ್ಕ ಹಾಕಿದರೆ ಕನಿಷ್ಠ ಆರು ಮಂದಿ ವೈದ್ಯರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಷ್ಟು ತಜ್ಞರನ್ನು ಕೂಡಿಸುವುದು ಕಷ್ಟ, ವೈದ್ಯಕೀಯ ಕಾಲೇಜು ಅಥವಾ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಸುಲಭ. ಈ ಕೊರತೆಯನ್ನು ಸರ್ಕಾರ ಗಂಭೀರವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ದುರುಪಯೋಗದ ಭಯಕ್ಕೆ ಉತ್ತರವೂ ಈ ದಾರಿಯಲ್ಲೇ ಇದೆ. ಮನೆಯವರ ಒಪ್ಪಿಗೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಗುಣವಾಗದು ಎಂದು ಮೊದಲು ಹೇಳಬೇಕಾದವರು ವೈದ್ಯರು, ಅದೂ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ತಂಡಗಳು.

ಮುಂಗಡ ಪತ್ರ ಬರೆಯುವ ಬಗೆ. 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ನಂತರ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ. ಒತ್ತಡವಿಲ್ಲದೆ, ಅರ್ಥ ಮಾಡಿಕೊಂಡು ಬರೆದಿದ್ದಾರೆ ಎಂದು ಸಾಕ್ಷಿಗಳೂ ದೃಢೀಕರಿಸುವವರೂ ದಾಖಲಿಸಬೇಕು. ನಿರ್ದಿಷ್ಟ ಬೆಲೆಯ ಛಾಪಾ ಕಾಗದವೇ ಆಗಬೇಕೆಂದು ತೀರ್ಪು ಹೇಳಿಲ್ಲ, ನೋಟರಿ ಕೇಳಿದರೆ ತೆಗೆದುಕೊಳ್ಳಿ. ಒಪ್ಪಿಗೆ ಕೊಡಬೇಕಾದವರಾಗಿ ಒಬ್ಬರಿಗಿಂತ ಹೆಚ್ಚು ಹೆಸರು ಬರೆಯಬಹುದು, ಬರೆಯಿರಿ ಎಂದೇ ನನ್ನ ಸಲಹೆ. ಒಂದೇ ಹೆಸರು ಬರೆದು, ಅದೂ ಸರಿಸಮಾನ ವಯಸ್ಸಿನ ಹೆಂಡತಿಯದೋ ಗಂಡನದೋ ಆಗಿದ್ದರೆ, ಬೇಕಾದ ಹೊತ್ತಿಗೆ ಅವರೇ ಇರದಿರಬಹುದು. ಉಯಿಲಿನಲ್ಲಿ ದೊಡ್ಡ ಪಾಲು ಪಡೆಯುವವರನ್ನು ಬಿಟ್ಟು ಬೇರೆಯವರನ್ನು ಹಾಕುವುದು ಕಡ್ಡಾಯವಲ್ಲದಿದ್ದರೂ ಮುಂದಿನ ಜಗಳ ತಪ್ಪಿಸುತ್ತದೆ.

ಪತ್ರದಲ್ಲಿ ‘ನನಗೆ ಘನತೆಯ ಸಾವು ಬೇಕು’ ಎಂದಷ್ಟೇ ಬರೆದರೆ ಮಂಡಳಿಗೆ ಏನೂ ತಿಳಿಯುವುದಿಲ್ಲ. ಅಸ್ಪಷ್ಟ ಪತ್ರವನ್ನು ಪತ್ರವೇ ಇಲ್ಲವೆಂಬಂತೆ ನೋಡಬೇಕೆಂದು ತೀರ್ಪಿನಲ್ಲೇ ಇದೆ. ‘ವೆಂಟಿಲೇಟರ್ ಬೇಡ’ ಎಂದಷ್ಟೇ ಬರೆಯುವುದು ಇನ್ನೊಂದು ತುದಿಯ ತಪ್ಪು. ವಾರದಲ್ಲಿ ವಾಸಿಯಾಗುವ ನ್ಯುಮೋನಿಯಾಕ್ಕೂ ಯಂತ್ರ ಬೇಕಾಗಬಹುದಲ್ಲ. ಸ್ಥಿತಿ ಮತ್ತು ಚಿಕಿತ್ಸೆ ಎರಡನ್ನೂ ಕಟ್ಟಿ ಬರೆಯಬೇಕು. ಒಂದು ಮಾದರಿ ಕೊಡುತ್ತೇನೆ:

‘ನನ್ನ ಕಾಯಿಲೆ ಗುಣವಾಗದ ಕೊನೆಯ ಹಂತ ಮುಟ್ಟಿದೆ ಅಥವಾ ನನ್ನ ಅರಿವು ಮರಳುವ ಸಾಧ್ಯತೆ ಇಲ್ಲ ಎಂದು ಎರಡೂ ವೈದ್ಯಕೀಯ ಮಂಡಳಿಗಳು ನಿರ್ಧರಿಸಿದಲ್ಲಿ ಹಾಗೂ ಆಗ ನಿರ್ಧಾರ ಹೇಳಲು ನನಗೆ ಸಾಧ್ಯವಿಲ್ಲದಿದ್ದಲ್ಲಿ, ವೆಂಟಿಲೇಟರ್, ಡಯಾಲಿಸಿಸ್, ರಕ್ತದೊತ್ತಡ ಏರಿಸುವ ಔಷಧ, ಎದೆ ಒತ್ತಿ ಹೃದಯ ಮರಳಿಸುವ ಯತ್ನ, ಕೊಳವೆಯ ಮೂಲಕ ಆಹಾರ ಇವುಗಳನ್ನು ಶುರು ಮಾಡಬಾರದು, ಶುರುವಾಗಿದ್ದರೆ ನಿಲ್ಲಿಸಬೇಕು. ನೋವು, ಉಸಿರಾಟದ ಸಂಕಟ, ಕಳವಳ ಶಮನ ಮಾಡುವ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಇದರ ಪರಿಣಾಮ ನನಗೆ ಅರ್ಥವಾಗಿದೆ. ಇದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯುವ ಹಕ್ಕು ನನಗಿದೆ.’

ಇದರಲ್ಲಿ ನಿಮಗೆ ಒಪ್ಪಿಗೆಯಾಗದ್ದನ್ನು ಹೊಡೆದು ಹಾಕಿ. ಎಲ್ಲರ ಆಯ್ಕೆ ಒಂದೇ ಆಗಬೇಕಿಲ್ಲ. ‘ಎಲ್ಲ ಚಿಕಿತ್ಸೆಯೂ ಕೊನೆಯವರೆಗೆ ಬೇಕು’ ಎಂಬ ಆಸೆಯಿದ್ದರೆ ಅದನ್ನೂ ಮನೆಯವರಿಗೆ ಬರೆದು ತಿಳಿಸಿಡಿ.

ಪ್ರತಿಗಳು ಯಾರಿಗೆ? ಹೆಸರಿಸಿದವರಿಗೆ, ಕುಟುಂಬ ವೈದ್ಯರಿದ್ದರೆ ಅವರಿಗೆ, ಮತ್ತು ಸ್ಥಳೀಯ ಸಂಸ್ಥೆಗೆ, ಅಂದರೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಇದಕ್ಕೆ ನೇಮಿಸಿದ ಅಧಿಕಾರಿಗೆ. ‘ಇಂಥದ್ದು ನಮ್ಮಲ್ಲಿ ತಗೊಳ್ಳಲ್ಲ’ ಎಂಬ ಉತ್ತರ ಬಂದರೆ ವಾದಕ್ಕಿಳಿಯಬೇಡಿ. ಮುಖಪತ್ರ ಲಗತ್ತಿಸಿ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ, ಅಥವಾ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆಸ್ಪತ್ರೆ ಪತ್ರದ ಸತ್ಯಾಸತ್ಯತೆ ಪರಿಶೀಲಿಸುವಾಗ ಈ ಮೊಹರು ಕೆಲಸಕ್ಕೆ ಬರುತ್ತದೆ.

ಸಾಮಾನ್ಯವಾಗಿ ಆಗುವ ಎರಡು ಎಡವಟ್ಟುಗಳಿವೆ. ಉಯಿಲಿನ ಜೊತೆ ಒಂದೇ ಲಕೋಟೆಯಲ್ಲಿಟ್ಟು ಬ್ಯಾಂಕ್ ಲಾಕರಿಗೆ ಹಾಕುವುದು ಒಂದು. ಆ ಲಾಕರ್ ತೆರೆಯುವುದು ತಿಥಿ ಮುಗಿದ ಮೇಲೆ. ಮಾನಸಿಕ ಆರೋಗ್ಯ ಕಾಯ್ದೆ 2017ರ ಅಡಿ ಇರುವ ಮುಂಗಡ ನಿರ್ದೇಶನದ ನಮೂನೆ ತುಂಬಿ ಕೊಡುವುದು ಇನ್ನೊಂದು. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ, ಇಲ್ಲಿ ನಡೆಯುವುದಿಲ್ಲ.

ಉತ್ತರ 3: ಮಲಪ್ರಭಾ ಆರೈಕೆ

ಇಬ್ಬರೂ ಹೇಳಿದ್ದು ಖರೆ ಅದರೀ. ಆದರ ಬಡವರ ಮನಿಯೊಳಗ ನಡಿಯೂದು ಬ್ಯಾರೆನ ಅದ, ಅದನ್ನ ಯಾರೂ ಬರೀಲಿಲ್ಲ.

ಐಸಿಯು ಬಿಲ್ ದಿನಾ ಏರತೈತಿ. ಹೊಲ ಒತ್ತಿ ಇಟ್ಟಾಯ್ತು, ಬಂಗಾರ ಹೋತು. ಆಮ್ಯಾಲೆ ಒಂದು ದಿನ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ’ ಅನ್ನೂ ಫಾರ್ಮಿಗೆ ಸಹಿ ಮಾಡಿಸಿಕೊಂಡು ರೋಗೀನ್ನ ಕಳಸ್ತಾರ. ಆಂಬುಲೆನ್ಸಿನಾಗ ಕೈಯಿಂದ ಉಸಿರು ಕೊಡೂ ಬಲೂನ್ ಒತ್ತಕೋತ ಊರಿಗೆ ಒಯ್ಯೂದು, ಅಂಗಳದಾಗ ಕೊಳವಿ ತಗಿಯೂದು. ಮಾರ್ಫಿನ್ ಇಲ್ಲ, ಮಿಡಜೋಲಾಮ್ ಇಲ್ಲ, ಮಂಡಳಿ ಅಂತೂ ಇಲ್ಲೇ ಇಲ್ಲ. ಮ್ಯಾಲಿನ ವೈದ್ಯರು ಹೇಳಿದ ಒದ್ದಾಟ ಖರೇನ ಆಗೂದು ಇಲ್ಲಿ. ಕಾಗದದ ಮ್ಯಾಲೆ ಮಾತ್ರ ಮನಿಯವರೇ ಬ್ಯಾಡ ಅಂದು ಕರಕೊಂಡು ಹ್ವಾದರು ಅಂತ ಇರತೈತಿ. ದುರುಪಯೋಗದ ಭಯ ಇದ್ದವರು ಮದಲ ಈ ಫಾರ್ಮ್ ನೋಡಬೇಕು. ಎರಡು ಮಂಡಳಿ, ದಂಡಾಧಿಕಾರಿಗೆ ವರದಿ ಇರೂ ದಾರೀಗಿಂತ ಯಾವ ಕಾವಲೂ ಇಲ್ಲದ ಈ ದಾರಿ ಅಪಾಯದ್ದು, ಮತ್ತ ಬಾಳ ಮಂದಿ ಹೋಗೂದೂ ಇದರಾಗೇ.

ಅದಕ್ಕ ಇಂಥಾ ಹೊತ್ತಿನ್ಯಾಗ ಇದ್ದವರಿಗೆ ಹೇಳೂದು ಇಷ್ಟು. ಫಾರ್ಮಿಗೆ ಸಹಿ ಹಾಕೂ ಮದಲ ಡಾಕ್ಟರಿಗೆ ಮೂರು ಮಾತು ಕೇಳ್ರಿ. ಗುಣ ಆಗೂ ಸಾಧ್ಯತೆ ಐತೇನು, ಇಲ್ಲೇನು, ಬಿಚ್ಚಿ ಹೇಳ್ರಿ ಅನ್ರಿ. ಇಲ್ಲಂದ್ರ ಸುಪ್ರೀಂ ಕೋರ್ಟ್ ಹೇಳಿದಂಗ ಮಂಡಳಿ ಕರೀರಿ, ನಮ್ಮ ಕೋರಿಕೆ ಕೇಸ್ ಶೀಟಿನ್ಯಾಗ ಬರೀರಿ ಅನ್ರಿ. ಮನೀಗೇ ಒಯ್ಯೂದಾದರ ನೋವಿನ ಔಷಧ, ಅದರ ಚೀಟಿ, ರಾತ್ರಿ ಫೋನ್ ಮಾಡಾಕ ಒಂದು ನಂಬರ್ ಕೊಡ್ರಿ ಅನ್ರಿ. ರೊಕ್ಕದ ಸಲುವಾಗಿ ಬಿಡೂದಾದರ ಆ ಮಾತನ್ನೂ ಮುಚ್ಚಿಡಬ್ಯಾಡ್ರಿ. ಬದುಕೂ ಸಾಧ್ಯತೆ ಇದ್ದವರನ್ನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸಾಗಿಸೂ ದಾರಿ ಇರತೈತಿ. ಬದುಕೂ ರೋಗಿ ಬಿಲ್ಲಿನ ಸಲುವಾಗಿ ಸತ್ತರ ಅದಕ್ಕ ಘನತೆ ಅನ್ನೂ ಹೆಸರು ಕೊಡಾಕ ಬರಂಗಿಲ್ಲ.

ಕ್ಯಾನ್ಸರಿನ ಕೊನೀ ಹಂತದವರಿಗೆ ಬೆಂಗಳೂರಿನ ಕರುಣಾಶ್ರಯದಾಗ ರೊಕ್ಕ ತಗೊಳ್ಳದ ನೋಡಕೋತಾರ. ಅಂಥಾ ಜಾಗ ಪ್ರತಿ ಜಿಲ್ಲಾಕ್ಕ ಒಂದರೆ ಬೇಕು. ನೋವು ಕಡಿಮಿ ಆದರ ‘ಸಾವು ಕೊಡ್ರಿ’ ಅನ್ನೂ ಮಂದಿಯೊಳಗ ಬಾಳ ಮಂದಿ ಆ ಮಾತು ಬಿಡತಾರ.

ಶರಾವತಿ ದಡ

ಮೂವರಿಗೂ ವಂದನೆ. ಬಿಡುಗಡೆ ಫಾರ್ಮಿನ ವಿಷಯ ನನ್ನ ಯೋಚನೆಗೇ ಬಂದಿರಲಿಲ್ಲ. ಇನ್ನೆರಡು ಉಳಿದಿವೆ. ವೆಂಟಿಲೇಟರ್ ತೆಗೆಯುವುದನ್ನು ಮನಸ್ಸು ಹೇಗೋ ಒಪ್ಪಬಹುದು, ಆದರೆ ಮೂಗಿನ ಕೊಳವೆಯ ಆಹಾರ ನಿಲ್ಲಿಸುವುದು ಹಸಿವಿನಿಂದ ಸಾಯಿಸಿದಂತೆ ಅಲ್ಲವೇ? ಅನ್ನ ನೀರು ಕೊಡುವುದನ್ನು ಚಿಕಿತ್ಸೆ ಎನ್ನಲು ಮನಸ್ಸು ಬರುವುದಿಲ್ಲ. ಆಹಾರ ತ್ಯಜಿಸಿ ಸಾವನ್ನು ಸ್ವೀಕರಿಸುವ ಜೈನರ ವ್ರತವಾದ ಸಲ್ಲೇಖನವನ್ನು ಗೌರವಿಸುವ ನಾಡು ನಮ್ಮದು ಎಂದು ಕೆಲವರು ಅದನ್ನು ಇದಕ್ಕೆ ಹೋಲಿಸುತ್ತಿದ್ದಾರೆ. ಅದು ಸರಿಯೇ?

ಉತ್ತರ 4: ತುತ್ತು

ನಿಮಗೆ ಹಾಗೆ ಅನ್ನಿಸುವುದು ಸಹಜ. ಬಾಯಿಗೆ ತುತ್ತಿಡುವುದು ನಮ್ಮಲ್ಲಿ ಪ್ರೀತಿಯ ಮೊದಲ ಗುರುತು. ಆದರೆ ಬಾಯಿಯ ತುತ್ತು ಮತ್ತು ಕೊಳವೆಯ ಆಹಾರ ಎರಡನ್ನೂ ಬೇರೆಯಾಗಿ ನೋಡಬೇಕು. ರೋಗಿ ನುಂಗುವಷ್ಟು ಕಾಲ, ಕೇಳುವಷ್ಟು ಕಾಲ ಬಾಯಿಂದ ಕೊಡುವುದನ್ನು ಯಾರೂ ನಿಲ್ಲಿಸಬಾರದು. ಒಂದು ಚಮಚ ಗಂಜಿಯಾದರೂ ಸರಿ. ಮೂಗಿನ ರೈಲ್ಸ್ ಕೊಳವೆ ಅಥವಾ ಹೊಟ್ಟೆಗೆ ತೂತು ಮಾಡಿ ಇಡುವ ಪೆಗ್ ಕೊಳವೆ ವೈದ್ಯರು ಹಾಕುವ ಸಾಧನ. ಅದಕ್ಕೆ ತೊಡಕುಗಳೂ ಇವೆ: ಕೊಳವೆ ಜಾರಿ ಶ್ವಾಸಕೋಶಕ್ಕೆ ಆಹಾರ ಹೋಗುವುದು, ಮೂಗು ಗಂಟಲಲ್ಲಿ ಹುಣ್ಣು, ಕಿತ್ತುಕೊಳ್ಳದಂತೆ ಕೈ ಕಟ್ಟಿಹಾಕುವುದು. ಮರೆವಿನ ಕಾಯಿಲೆ ತೀರಾ ಮುಂದುವರಿದವರಲ್ಲಿ ಕೊಳವೆಯಿಂದ ಆಯುಷ್ಯ ಹೆಚ್ಚುವುದಾಗಲಿ ನ್ಯುಮೋನಿಯಾ ತಪ್ಪುವುದಾಗಲಿ ಕಂಡುಬಂದಿಲ್ಲ.

ದೇಹ ಮುಗಿಯುತ್ತ ಬಂದಾಗ ಹಸಿವು ತಾನಾಗಿ ಅಡಗುತ್ತದೆ. ಆ ಹಂತದಲ್ಲಿ ಒತ್ತಾಯದಿಂದ ಹಾಕಿದ ದ್ರವ ಕಾಲಿಗೆ, ಎದೆಗೆ ಇಳಿದು ಉಸಿರಾಟವನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ರೋಗಿಯನ್ನು ನಿಜವಾಗಿ ಕಾಡುವುದು ಬಾಯಿ ಒಣಗುವುದು. ಅದಕ್ಕೆ ಗಂಟೆಗೊಮ್ಮೆ ಒದ್ದೆ ಹತ್ತಿಯಿಂದ ಬಾಯಿ ಒರೆಸಿ, ತುಟಿಗೆ ವ್ಯಾಸಲೀನ್ ಅಥವಾ ತುಪ್ಪ ಹಚ್ಚಿ, ಪ್ರಜ್ಞೆಯಿದ್ದು ನುಂಗುವಂತಿದ್ದರೆ ಐಸ್ ಚೂರು ಇಡಬೇಕು. ಆಮ್ಲಜನಕದ ಕೊಳವೆ ಇದ್ದರೆ ಮಾತ್ರ ವ್ಯಾಸಲೀನ್, ತುಪ್ಪ ಎರಡೂ ಬೇಡ, ಜಿಡ್ಡಿಲ್ಲದ ಜೆಲ್ ಹಚ್ಚಿ. ಪ್ರಜ್ಞೆ ಇಲ್ಲದವರ ಬಾಯಿಗೆ ಗಂಗಾಜಲವಾದರೂ ಸರಿ ಚಮಚದಲ್ಲಿ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತುಟಿಗೆ ಹನಿ ಮುಟ್ಟಿಸಿ.

ಅರುಣಾ ಶಾನಭಾಗ್ ಅವರ ಪ್ರಕರಣದ ಮರ್ಮವೂ ಈ ತುತ್ತೇ. 1973ರ ನವೆಂಬರ್ 27ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬ ನಾಯಿ ಸರಪಳಿಯಿಂದ ಕತ್ತು ಬಿಗಿದು ದಾಳಿ ಮಾಡಿದ್ದ. ಮಿದುಳಿಗೆ ಆಮ್ಲಜನಕ ತಪ್ಪಿತು. ಆದರೆ ಅವರು ವೆಂಟಿಲೇಟರಿನಲ್ಲಿ ಇರಲಿಲ್ಲ, ತಾವೇ ಉಸಿರಾಡುತ್ತಿದ್ದರು, ಹಿಸುಕಿದ ಆಹಾರವನ್ನು ಬಾಯಿಂದ ತೆಗೆದುಕೊಳ್ಳುತ್ತಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿಯಲ್ಲಿ ಕೇಳಿದ್ದು ಆ ಆಹಾರ ನಿಲ್ಲಿಸಿ ಎಂದು. ವರ್ಷಗಟ್ಟಲೆ ಆರೈಕೆ ಮಾಡಿದ ಆಸ್ಪತ್ರೆಯ ದಾದಿಯರು, ಸಿಬ್ಬಂದಿ ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಆಕೆಯ ಪರವಾಗಿ ನಿರ್ಧರಿಸುವ ಆಪ್ತರು ಆ ಸಿಬ್ಬಂದಿಯೇ ಹೊರತು ಅರ್ಜಿದಾರರಲ್ಲ ಎಂದು ಅರ್ಜಿ ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆಯ ಮೇಲೆ ಚಿಕಿತ್ಸೆ ನಿಲ್ಲಿಸುವ ದಾರಿಯನ್ನು ಮೊದಲ ಬಾರಿಗೆ ತೆರೆಯಿತು. ಅವರು 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಸರಿಯೋ ತಪ್ಪೋ ಎಂದು ಜನ ಇಂದಿಗೂ ವಾದಿಸುತ್ತಾರೆ. ನನ್ನ ಮಟ್ಟಿಗೆ ಆ ಪ್ರಕರಣದಲ್ಲಿ ಕೊರತೆಯಾಗಿದ್ದು ಒಂದೇ: ಆಕೆಯ ಸ್ವಂತ ಮಾತು. 25ರ ಹರೆಯದ ದಾದಿ ಅಂಥದ್ದನ್ನು ಬರೆದಿಟ್ಟಿರಲು ಕಾರಣವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಹೀಗಾಗಿ ಅರ್ಜಿದಾರರೂ ಆಸ್ಪತ್ರೆ ಸಿಬ್ಬಂದಿಯೂ ಪ್ರೀತಿಯಿಂದಲೇ ಮಾತಾಡಿದರು, ಎರಡೂ ಕಡೆಯವರು ಆಕೆಯ ಮನಸ್ಸನ್ನು ಊಹಿಸಿದರು.

ಕಾನೂನು ಕಡತ

ಸಲ್ಲೇಖನದ ಬಗ್ಗೆ ಚುಟುಕಾಗಿ. ಅದು ಪ್ರಜ್ಞೆಯಿರುವ ವ್ಯಕ್ತಿ, ಗುರುಗಳ ಅನುಮತಿ ಪಡೆದು, ವ್ರತವಾಗಿ ಕೈಗೊಳ್ಳುವುದು. ಇಲ್ಲಿನದು ಮಾತಾಡಲಾಗದ ರೋಗಿಯ ಮೇಲೆ ಬೇರೆಯವರು ನಡೆಸುತ್ತಿರುವ ಚಿಕಿತ್ಸೆಯ ಪ್ರಶ್ನೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಿತು, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಶ್ರವಣಬೆಳಗೊಳದ ಶಾಸನಗಳನ್ನು ತೋರಿಸಿ ಐಸಿಯು ತೀರ್ಮಾನಕ್ಕೆ ಬೆಂಬಲ ಹುಡುಕುವುದು ವ್ರತಕ್ಕೂ ನ್ಯಾಯವಲ್ಲ, ರೋಗಿಗೂ ನ್ಯಾಯವಲ್ಲ.

ಕೊಳವೆಯ ಆಹಾರದ ಬಗ್ಗೆ ನಿಮ್ಮ ಅಳುಕು ಹಾಗೇ ಇದ್ದರೆ ಮೇಲಿನ ಮಾದರಿಯಿಂದ ಆ ಒಂದು ಅಂಶ ತೆಗೆದು, ‘ಕೊಳವೆಯ ಆಹಾರ ಮುಂದುವರಿಯಲಿ, ಉಳಿದವು ಬೇಡ’ ಎಂದು ಬರೆಯಬಹುದು. ಮನಸ್ಸು ಬದಲಾದರೆ ಹೊಸ ಪತ್ರ ಮಾಡಿ. ಒಂದಕ್ಕಿಂತ ಹೆಚ್ಚು ಪತ್ರಗಳಿದ್ದರೆ ಕೊನೆಯದಾಗಿ ಸಹಿ ಮಾಡಿದ್ದೇ ನಿಲ್ಲುತ್ತದೆ. ಹಳೆಯ ಪ್ರತಿ ಯಾರ್‍ಯಾರ ಬಳಿ ಇದೆಯೋ ಅವರೆಲ್ಲರಿಗೂ ಹೊಸದು ತಲುಪಬೇಕು. ವಿದೇಶದಲ್ಲಿರುವ ಮಕ್ಕಳಿಗೂ ಒಂದು ಪ್ರತಿ ಕಳಿಸಿ, ಫೋನಿನಲ್ಲಿ ಓದಿ ಹೇಳಿ. ಹತ್ತಿರವಿದ್ದು ನೋಡಿಕೊಂಡವರು ಒಪ್ಪಿದ್ದನ್ನು ಕೊನೆಯ ದಿನ ವಿಮಾನ ಇಳಿದು ಬಂದವರು ಬೇಡವೆಂದಾಗ ಆಸ್ಪತ್ರೆಯವರು ಕೈಕಟ್ಟಿ ನಿಲ್ಲುತ್ತಾರೆ, ರೋಗಿ ಇನ್ನೂ ಹಲವು ದಿನ ಯಂತ್ರದ ಮೇಲೆ ಉಳಿಯುತ್ತಾರೆ.